ಖಾದರನ ಮೊದಲ ಸುತ್ತು

ನಮ್ಮ ಮನೆಯಲ್ಲಿ ಇನ್ನೂ ತಂತಿಯ ಫೋನ್ ಇದೆ ಎಂದು ಹೇಳಿಕೊಳ್ಳಲು ನನಗೇನೂ ನಾಚಿಕೆಯಿಲ್ಲ. ನಾಚಿಕೆಪಡಬೇಕಾದ ಸಂಗತಿ ಬೇರೆ ಇದೆ. ಅದಕ್ಕೆ ಆಮೇಲೆ ಬರುತ್ತೇನೆ. ಕೆಲವರು ಮೊದಲು ತಪ್ಪು ಒಪ್ಪಿಕೊಂಡು ಆಮೇಲೆ ಕಾರಣ ಹೇಳುತ್ತಾರೆ. ನಾನು ಕಾರಣಗಳನ್ನೆಲ್ಲ ಮೊದಲೇ ಸಾಲಾಗಿ ಕೂರಿಸಿ, ಕೇಳುವವರಿಗೆ ಆಕಳಿಕೆ ಬರುವ ಹೊತ್ತಿಗೆ ತಪ್ಪನ್ನು ಮೆಲ್ಲಗೆ ನುಸುಳಿಸುವ ಪೈಕಿ. ಈ ಗುಣ ಗೊತ್ತಿದ್ದೂ ನನ್ನ ಹೆಂಡತಿ ಶಾರದಾ ಇಷ್ಟು ವರ್ಷ ಸಂಸಾರ ಮಾಡಿದ್ದಾಳೆ. ರಾಯಚೂರಿನ ಬಿಸಿಲನ್ನೇ ಸಹಿಸಿಕೊಂಡವಳಿಗೆ ನಾನೇನು ಮಹಾ.

ಆ ಫೋನನ್ನು ಇಟ್ಟುಕೊಂಡಿರುವುದು ಮಾತಾಡುವುದಕ್ಕಲ್ಲ, ಕಾರು ಓಡಿಸುವುದಕ್ಕೆ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಬಹಳ ಹಿಂದೆ ಮಾನ್ವಿಯ ಒಂದು ಕಂಪ್ಯೂಟರ್ ತರಬೇತಿ ಕೇಂದ್ರದಲ್ಲಿ ನಾನೂ ಖಾದರನೂ ಪಾಠ ಹೇಳುತ್ತಿದ್ದೆವು. ವಿದ್ಯಾರ್ಥಿಗಳು ಊಟಕ್ಕೆ ಹೋದರೆ ಸಾಕು, ಇಬ್ಬರೂ ಕಾರ್ ರೇಸಿನ ಆಟಕ್ಕೆ ಕೂರುವವರು. ಆಮೇಲೆ ನಾನು ರಾಯಚೂರಿನ ಕಾಲೇಜೊಂದರ ಆಫೀಸಿಗೆ ಗುಮಾಸ್ತನಾಗಿ ಬಂದೆ. ಅವನು ದೇವದುರ್ಗದಲ್ಲಿ ತಮ್ಮ ಮಹಬೂಬನ ಜೊತೆ ರೇಡಿಯೋ, ಟೀವಿ ರಿಪೇರಿ ಅಂಗಡಿ ಹಾಕಿದ. ಊರು ಬೇರೆಯಾದರೂ ಆಟ ಬಿಡಲು ಮನಸ್ಸಾಗಲಿಲ್ಲ. ಖಾದರ್ ಎಲ್ಲಿಂದಲೋ ಎರಡು ಮೋಡೆಮ್ ತಂದ. ಮೋಡೆಮ್ ಎಂದರೆ ಕಂಪ್ಯೂಟರಿನ ವ್ಯವಹಾರವನ್ನೆಲ್ಲ ಸದ್ದಾಗಿ ಮಾಡಿ ಫೋನಿನ ತಂತಿಯೊಳಗೆ ತೂರಿಸುವ ಡಬ್ಬಿ. ಇಂಟರ್ನೆಟ್ಟಿನ ಹಂಗಿಲ್ಲ. ನನ್ನ ಕಂಪ್ಯೂಟರು ಅವನ ಮನೆಗೆ ಫೋನ್ ಮಾಡುತ್ತದೆ, ಅವನ ಕಂಪ್ಯೂಟರು ಎತ್ತುತ್ತದೆ, ಒಂದೇ ರಸ್ತೆಯ ಮೇಲೆ ಇಬ್ಬರ ಕಾರುಗಳೂ ಬಂದು ನಿಲ್ಲುತ್ತವೆ.

ಹೇಳಿದಷ್ಟು ಸುಲಭವಾಗಿರಲಿಲ್ಲ. ಒಬ್ಬರು ಫೋನ್ ಮಾಡಬೇಕು, ಇನ್ನೊಬ್ಬರು ಕಾಯಬೇಕು. ಮೊದಲ ಭಾನುವಾರ ಇಬ್ಬರೂ ಮಾಡಿದೆವು. ಮಧ್ಯಾಹ್ನವೆಲ್ಲ ಇಬ್ಬರಿಗೂ ಎಂಗೇಜ್ ಸದ್ದು. ಮುಂದಿನ ಭಾನುವಾರ ಇಬ್ಬರೂ ದೊಡ್ಡ ಮನಸ್ಸು ಮಾಡಿ ಕಾದೆವು. ಸಂಜೆಯವರೆಗೆ ಸದ್ದೇ ಇಲ್ಲ. ಕಡೆಗೆ ನಮ್ಮ ಜನಕ್ಕೆ ಯಾರೂ ಹೇಳಿಕೊಡಬೇಕಾಗಿಲ್ಲದ ಉಪಾಯವೇ ಕೈ ಹಿಡಿಯಿತು: ಮಿಸ್ಡ್ ಕಾಲ್. ಭಾನುವಾರ ಮೂರಕ್ಕೆ ನಮ್ಮ ಫೋನು ಎರಡು ಸಲ ಹೊಡೆದುಕೊಂಡು ನಿಂತರೆ ಖಾದರ್ ತಯಾರಾಗಿದ್ದಾನೆ ಎಂದರ್ಥ. ನಾನು ಅದನ್ನು ಎತ್ತಬಾರದು; ನನ್ನ ಕಂಪ್ಯೂಟರಿನಿಂದ ಅವನಿಗೆ ಫೋನ್ ಮಾಡಬೇಕು. ಎರಡೂ ಮೋಡೆಮ್‌ಗಳು ತಗಡಿನ ಮೇಲೆ ಮೊಳೆ ಎಳೆದಂತೆ ಕಿರುಚಾಡಿ, ಒಂದನ್ನೊಂದು ಗುರುತು ಹಿಡಿದು, ಸುಮ್ಮನಾಗುತ್ತವೆ. ಆ ಹೊತ್ತಿನಲ್ಲಿ ಅದೇ ಲೈನಿಗೆ ಸೇರಿದ ಅಡುಗೆಮನೆಯ ಫೋನನ್ನು ಯಾರಾದರೂ ಎತ್ತಿದರೆ ರೇಸು ಅಲ್ಲಿಗೆ ಮುಗಿಯಿತು. ಶಾರದಾ ಮೊದಲ ಸಲ ಎತ್ತಿದವಳು ರಿಸೀವರ್ ಬಿಸಾಕಿ ಹೊರಗೆ ಓಡಿಬಂದಿದ್ದಳು. “ಏನ್ರೀ, ಯಾರೋ ಬಾವ್ಯಾಗ ಬಿದ್ದು ಒದರಾಕತ್ತಾರ!”

ಜಗತ್ತೆಲ್ಲ ಮೊಬೈಲಿಗೆ ಹೋದರೂ ನಾವು ತಂತಿಯಲ್ಲೇ ಉಳಿದೆವು. ಹಳೆಯ ಯಂತ್ರಗಳು ಸತ್ತಾಗಲೆಲ್ಲ ಖಾದರ್ ಬಂದು ಬದುಕಿಸಿ ಹೋಗುತ್ತಿದ್ದ. ಲೈನಿನ ತುಂಬ ಕಾರುಗಳೇ ಇರುತ್ತಿದ್ದುದರಿಂದ ನಮ್ಮಿಬ್ಬರಲ್ಲಿ ಮಾತು ಬಹಳ ಕಡಿಮೆ. ಅವನ ಆಟದಲ್ಲಿ ಮಾತ್ರ ಒಂದು ವಿಚಿತ್ರವಿತ್ತು. ಮೊದಲ ಸುತ್ತಿನಲ್ಲಿ ಅವನ ಕಾರು ನಡುರಸ್ತೆಯಲ್ಲಿ ಎತ್ತಿನಬಂಡಿಯ ಹಾಗೆ ನೆಟ್ಟಗೆ ಹೋಗುವುದು. ತಿರುವು ಬಂದರೆ ಗೋಡೆಗೆ ಗುದ್ದುವುದು, ಹಿಂದೆ ಸರಿಯುವುದು, ಮತ್ತೆ ಗುದ್ದುವುದು. ನಾನು ಒಂದು ಸುತ್ತು ಮುಂದಿರುವಾಗ ಇದ್ದಕ್ಕಿದ್ದಂತೆ ಅದಕ್ಕೆ ಮೈಮೇಲೆ ಬಂದಂತಾಗಿ, ಎಲ್ಲ ತಿರುವುಗಳನ್ನೂ ಸವರಿಕೊಂಡು ಬಂದು ನನ್ನನ್ನು ದಾಟಿ ಹೋಗುವುದು. ಇಷ್ಟು ಮುಂದೆ ಬಿಟ್ಟರೂ ನಿನ್ನನ್ನು ಸೋಲಿಸಬಲ್ಲೆ ಎಂಬ ಸೊಕ್ಕು ಎಂದುಕೊಂಡಿದ್ದೆ. ಒಂದು ದಿನವೂ ಕೇಳಲಿಲ್ಲ. ಕೇಳಿದರೆ ನನಗೆ ಹೊಟ್ಟೆಯುರಿದದ್ದು ಅವನಿಗೆ ಗೊತ್ತಾಗುತ್ತದಲ್ಲ.

ಆ ಖಾದರ್ ಎರಡು ತಿಂಗಳ ಹಿಂದೆ ತೀರಿಕೊಂಡ. ಅಂಗಡಿಯಲ್ಲಿ ಕೂತಿದ್ದವನು, ಕೂತ ಹಾಗೆಯೇ. ತಾಸಿನೊಳಗೆ ಮಹಬೂಬ್ ನನ್ನ ಮೊಬೈಲಿಗೆ ಫೋನ್ ಮಾಡಿದ. “ಅಣ್ಣಾ, ಭಾಯಿ ಹೋಗಿಬಿಟ್ಟ. ಸಂಜೀಕ ಮಣ್ಣು ಅದ. ಬರ್ರಿ.” ಬರುತ್ತೇನೆ ಎಂದೆ. ಹೋಗಲಿಲ್ಲ. ನಾಚಿಕೆಯ ಸಂಗತಿ ಇದೇ.

ಆ ದಿನ ಕಾಲೇಜಿನಲ್ಲಿ ಪರೀಕ್ಷೆ ಅರ್ಜಿಗಳ ಗಡಿಬಿಡಿ ಇತ್ತು, ನಿಜ. ಪ್ರಿನ್ಸಿಪಾಲರು ಹೋಗಿ ಬನ್ನಿ ಎಂದದ್ದೂ ನಿಜ. ಮೂರನೆಯ ದಿನ ಗೋರಿಯ ಹತ್ತಿರ ನಡೆಯುವ ಜಿಯಾರತ್‌ಗೆ ಹೋಗೋಣವೆಂದರೆ ಹೊಟ್ಟೆ ಕೆಟ್ಟಿತು. ಕೆಡಲಿ ಎಂದೇ ಹಿಂದಿನ ಸಂಜೆ ಮಿರ್ಚಿ ಭಜಿ ತಿಂದಿದ್ದೆನೋ ಏನೋ. ನಮ್ಮ ಕಡೆ ಸಾವಾದ ಮನೆಗೆ ಹೋಗಿ ಮಾತಾಡಿಸಿಕೊಂಡು ಬರುವುದನ್ನು ಯಾರೂ ತಪ್ಪಿಸುವುದಿಲ್ಲ. ಮಾತು ಬಿಟ್ಟವರೂ ಹೋಗಿ, ತುಸು ಹೊತ್ತು ಕೂತು, ಎದ್ದು ಬರುತ್ತಾರೆ. ನಾಲ್ಕು ದಿನ ತಡವಾದರೆ ಕಾರಣ ಹೇಳಬಹುದು. ನಲವತ್ತು ದಿನವಾದರೆ ಕಾರಣ ಹೇಳಲು ಮುಖವೇ ಇರುವುದಿಲ್ಲ. ಖರೆ ಹೇಳಬೇಕೆಂದರೆ ನಾನು ಅಂಜಿದ್ದು ಅವನ ತಾಯಿಗೆ. ನಾವೆಲ್ಲ ಅವರನ್ನು ಅಮ್ಮೀ ಎನ್ನುತ್ತೇವೆ. ಎಂಬತ್ತರ ಹತ್ತಿರದವರು. ಖಾದರ್ ಮದುವೆಯಾಗದೆ ಅವರ ಜೊತೆಗೇ ಉಳಿದವನು. ಮಾತಿಲ್ಲದೆ ಸ್ನೇಹ ಮಾಡಿದ ನಾನು ಆ ತಾಯಿಯ ಮುಂದೆ ಕೂತು ಏನು ಮಾತಾಡಲಿ?

ನಲವತ್ತನೆಯ ದಿನ ಕಳೆದ ಮೇಲಿನ ಮೊದಲ ಭಾನುವಾರ. ಬೇಸಿಗೆಯ ಮಧ್ಯಾಹ್ನ ಮೂರು ಎಂದರೆ ರಾಯಚೂರಿನ ಬೀದಿಯಲ್ಲಿ ನಾಯಿಯೂ ಕಾಣುವುದಿಲ್ಲ. ಕಿಟಕಿಗೆ ಒದ್ದೆ ಚಾದರ ಕಟ್ಟಿ, ಮನೆಯೊಳಗೆ ಕತ್ತಲು ಮಾಡಿಕೊಂಡು ಬಿದ್ದಿದ್ದೆವು. ಫೋನು ಹೊಡೆಯಿತು. ಒಂದು. ಎರಡು. ನಿಂತಿತು.

ಆ ನಂಬರಿಗೆ ಖಾದರನನ್ನು ಬಿಟ್ಟರೆ ಯಾರೂ ಫೋನ್ ಮಾಡುವುದಿಲ್ಲ. ಯಾರು ಮಾಡಿದರೆಂದು ತೋರಿಸುವ ಸೌಲಭ್ಯವೂ ಆ ಹಳೆಯ ಡಬ್ಬಿಗೆ ಇಲ್ಲ. “ರಾಂಗ್ ನಂಬರ್ ಇರಬೇಕು” ಎಂದೆ. ಶಾರದಾ ಕಣ್ಣು ಬಿಟ್ಟು ಫ್ಯಾನನ್ನೇ ನೋಡುತ್ತ ಮಲಗಿದ್ದಳು. “ರಾಂಗ್ ನಂಬರಿನವ್ರು ಐತವಾರ ಮೂರಕ್ಕಽ ಮಾಡ್ತಾರೇನ್ರೀ?” ಎಂದಳು. ಎರಡನೆಯ ಭಾನುವಾರ ನಾನು ಎರಡೂ ಮುಕ್ಕಾಲಿಗೇ ಬಚ್ಚಲಿಗೆ ಹೋಗಿ, ನಲ್ಲಿ ಬಿಟ್ಟುಕೊಂಡು ಕೂತೆ. ನೀರಿನ ಸದ್ದನ್ನು ದಾಟಿಕೊಂಡು ಕೇಳಿಸಿತು: ಒಂದು, ಎರಡು. ಮೂರನೆಯ ಭಾನುವಾರ ಗಂಡಸಿನಂತೆ ಫೋನಿನ ಎದುರಿಗೇ ನಿಂತೆ. ಅದು ಹೊಡೆದಾಗ ಚಾಚಿದ ಕೈ ಚಾಚಿದ ಹಾಗೆಯೇ ಉಳಿಯಿತು.

“ಎತ್ರೀ!”

“ಎತ್ತಬಾರದು. ಹಂಗಂತ ನಿಯಮ ಅದ.”

“ಯಾರು ಮಾಡಿದ ನಿಯಮ? ಹೋದವ್ರು ಮಾಡಿದ್ದಾ?” ಎಂದವಳು ಸ್ವರ ಇಳಿಸಿ, “ಮಾತಾಡ್ಸಿಕೊಂಡು ಬರ್ರಿ ಅಂತ ಎಷ್ಟು ಸಲ ಹೇಳಿದೆ. ನೀವು ಹೋಗಲಿಲ್ಲ. ಈಗ ಅವ್ರೇ ಕರಿಯಾಕತ್ತಾರ ನೋಡ್ರಿ” ಎಂದಳು.

ಮಹಬೂಬನ ಮೊಬೈಲಿಗೆ ಫೋನ್ ಮಾಡಿ ವಿಚಾರಿಸಬಹುದಿತ್ತು. ವಿಚಾರಿಸಿದರೆ ಅವನು ನನ್ನನ್ನು ವಿಚಾರಿಸುತ್ತಾನೆ. ಕಂಪ್ಯೂಟರಿನ ಮೇಲಿನ ಬಟ್ಟೆ ತೆಗೆದೆ. ಅಲ್ಲಿ ಯಾರೇ ಇರಲಿ, ಮಾತಾಡುವ ಪ್ರಸಂಗ ಬರುವುದಿಲ್ಲ ಎಂಬುದೊಂದೇ ನನ್ನ ಧೈರ್ಯ. ಶಾರದಾ ವಿಭೂತಿ ತಂದು ನನ್ನ ಹಣೆಗೆ ಹಚ್ಚಿ, ಒಂದು ಕ್ಷಣ ಯೋಚಿಸಿ, ಮಾನಿಟರಿಗೂ ಹಚ್ಚಿದಳು.

ದೇವದುರ್ಗದಲ್ಲಿ ಫೋನು ಹೊಡೆದುಕೊಳ್ಳುವುದು ಮೋಡೆಮಿನ ಸ್ಪೀಕರಿನಲ್ಲಿ ಕೇಳುತ್ತಿತ್ತು. ಮೂರನೆಯ ಸಲಕ್ಕೆ ಯಾರೋ ಎತ್ತಿದರು. ಕಿರುಚಾಟ ಶುರುವಾಯಿತು. ಎಷ್ಟೋ ವರ್ಷ ಕೇಳಿದ ಸದ್ದು, ಆದರೆ ಆ ದಿನ ಬಾವಿಯಲ್ಲಿ ಬಿದ್ದವರದೇ ಅನ್ನಿಸಿತು. ಆಮೇಲೆ ಎಲ್ಲ ಸುಮ್ಮನಾಗಿ, ಪರದೆಯ ಮೇಲೆ ‘ಶರಣು’ ಎಂದು ಹೆಸರಿದ್ದ ನನ್ನ ಕಾರಿನ ಪಕ್ಕಕ್ಕೆ ಕೆಂಪು ಕಾರು ಬಂದು ನಿಂತಿತು. ಅದರ ಕೆಳಗೆ ಖಾದರನ ಹೆಸರು. ಒಮ್ಮೆ ಹೊಡೆದಿಟ್ಟ ಹೆಸರನ್ನು ಕಂಪ್ಯೂಟರು ಮರೆಯುವುದಿಲ್ಲ ಎಂದು ಮಾನ್ವಿಯಲ್ಲಿ ಪಾಠ ಹೇಳಿದವನೇ ನಾನು. ಆದರೂ ಕುರ್ಚಿಯನ್ನು ಒಂದು ಗೇಣು ಹಿಂದೆ ಸರಿಸಿದೆ.

ಹಸಿರು ದೀಪ ಬಂತು. ಕೆಂಪು ಕಾರು ಹೊರಟಿತು. ಅದೇ ನಡಿಗೆ! ನಡುರಸ್ತೆ, ನೆಟ್ಟಗೆ, ಮೆಲ್ಲಗೆ. ಮೊದಲ ತಿರುವಿನಲ್ಲಿ ಗೋಡೆಗೆ ಗುದ್ದಿ ನಿಂತಿತು. ಈ ನಡಿಗೆ ಭೂಮಿಯ ಮೇಲೆ ಖಾದರನೊಬ್ಬನದು. ಇನ್ನೇನು ಎರಡನೆಯ ಸುತ್ತಿನಲ್ಲಿ ಹಿಂದಿನಿಂದ ಬರುತ್ತಾನೆ ಎಂದು ನಾನು ರಸ್ತೆ ನೋಡುವುದು ಬಿಟ್ಟು ಕಾರಿನ ಹಿನ್ನೋಟದ ಕನ್ನಡಿಯನ್ನೇ ನೋಡುತ್ತ ಓಡಿಸಿದೆ. ಕನ್ನಡಿ ಖಾಲಿ. ಸುತ್ತು ಹಾಕಿ ಬಂದರೆ ಕಾರು ಅಲ್ಲೇ ಇದೆ. ಗಾಲಿಗಳು ತಿರುಗುತ್ತಿವೆ, ಧೂಳು ಏಳುತ್ತಿದೆ. ಮೂರನೆಯ ಸುತ್ತಿಗೂ ಅಲ್ಲೇ. ಹಿಂದೆ ಸರಿದು ಮತ್ತೆ ಗುದ್ದಿತು. ಅದು ಯಾರೋ ಬರಲೆಂದು ಕಾಯುತ್ತಿದೆ ಅನ್ನಿಸಿತು. ಅವನ ಮೇಲೆ ಗೆಲ್ಲುವ ಅಂಥ ಅವಕಾಶ ಎಂದೂ ಸಿಕ್ಕಿರಲಿಲ್ಲ. ಗೆಲ್ಲಲು ಮನಸ್ಸಾಗಲಿಲ್ಲ. ನನ್ನ ಕಾರನ್ನು ಅದರ ಪಕ್ಕಕ್ಕೆ ನಿಲ್ಲಿಸಿ, “ಖಾದರ್?” ಎಂದೆ. ಲೈನು ಕಟ್ಟಾಯಿತು.

ಮರುದಿನ ಮೊದಲ ಬಸ್ಸಿಗೆ ದೇವದುರ್ಗಕ್ಕೆ ಹೊರಟೆ. ಧೈರ್ಯ ಬಂದಿತ್ತೆಂದಲ್ಲ. ಇನ್ನೊಂದು ಭಾನುವಾರವನ್ನು ಆ ಫೋನಿರುವ ನಮ್ಮ ಮನೆಯಲ್ಲಿ ಕಳೆಯುವುದಕ್ಕಿಂತ ಅಮ್ಮೀಯ ಮುಖ ನೋಡುವುದೇ ಕಡಿಮೆ ಭಯದ್ದು ಅನ್ನಿಸಿತ್ತು. ಗಬ್ಬೂರು ದಾಟುವವರೆಗೆ ಕಾರಣಗಳನ್ನು ಜೋಡಿಸಿದೆ. ದಾಟಿದ ಮೇಲೆ ಒಂದೂ ನಿಲ್ಲಲಿಲ್ಲ. ಕಾಲಿಗೆ ಬಿದ್ದು ತಪ್ಪಾಯಿತು ಎನ್ನುವುದೆಂದು ತೀರ್ಮಾನಿಸಿದೆ.

ಬಾಗಿಲಲ್ಲಿ ನನ್ನನ್ನು ನೋಡಿದ ಅಮ್ಮೀ ಬೈಯಲಿಲ್ಲ, ಅಳಲೂ ಇಲ್ಲ. ಕೈ ಹಿಡಿದು ಒಳಗೆ ಕರೆದೊಯ್ದು ಮಂಚದ ಮೇಲೆ ಕೂರಿಸಿದರು. ಮೂಲೆಯಲ್ಲಿ ಖಾದರನ ಕಂಪ್ಯೂಟರು, ಅದರ ಮುಂದೆ ಒಂದು ದಿಂಬು ಹಾಕಿದ ಕುರ್ಚಿ.

“ಮೊದಲ ನೀರು ಕುಡಿ, ಶರಣು ಬೇಟಾ. ಪೂರಾ ಕುಡಿ” ಎಂದರು. ಕುಡಿದೆ. “ಈಗ ನಾ ಒಂದು ಮಾತು ಹೇಳ್ತೀನಿ. ನೀ ಗಟ್ಟಿ ಆಗಬೇಕು. ನಮ್ಮ ಖಾದರ್ ಇಲ್ಲ ಬೇಟಾ. ಹೋಗಿ ಎರಡು ತಿಂಗಳಾತು.”

ಗೊತ್ತು ಎನ್ನಲು ಬಾಯಿ ತೆರೆದೆ. ಅಮ್ಮೀ ನನ್ನ ಕೈ ಒತ್ತಿದರು. “ನಿನಗ ಸುದ್ದಿ ಮುಟ್ಟಿಲ್ಲಂತ ನನಗ ಗೊತ್ತಿತ್ತು. ಓಣಿಯವ್ರೆಲ್ಲ ಕೇಳಿದ್ರು, ಆ ರಾಯಚೂರಿನ ದೋಸ್ತ್ ಯಾಕ ಬರಲಿಲ್ಲ ಅಂತ. ಗೊತ್ತಾಗಿದ್ರ ಅವ ಮನ್ಯಾಗ ಕುಂದ್ರಾವಲ್ಲ ಅಂತ ಎಲ್ಲಾರ ಬಾಯಿ ಮುಚ್ಚಿಸೀನಿ. ಮಹಬೂಬಗ ಕೇಳಿದ್ರ ನಿನ್ನ ಮೊಬೈಲ್ ಹತ್ತವಲ್ದು ಅಂತಾನ. ಕಾರಿನ ಆಟದ ಫೋನ್ ನಂಬರ್ ಒಂದಽ ಇತ್ತು. ಅದ್ರಾಗ ಮಾತು ಹೋಗಂಗಿಲ್ಲ. ಒಮ್ಮೆ ಎತ್ತಿದ್ದೆ, ಬರೇ ಒದರಾಟ. ಅದಕ್ಕ ನಲವತ್ತು ದಿನ ಮುಗಿದ ಮ್ಯಾಲ ಕಾರು ಕಳಿಸಿದೆ.”

“ನೀವಾ ಅಮ್ಮೀ?”

“ಮತ್ಯಾರು? ಅಂಗಡಿ ಬಿಟ್ಟು ಬರೂದು ಖಾದರಗ ಯಾವಾಗ್ಲೂ ತಡ. ಮೂರಕ್ಕ ನೀನೇ ಫೋನ್ ಹಚ್ಚಿ, ಎರಡು ಸಲ ಹೊಡೆದ ಮ್ಯಾಲ ಇಟ್ಟುಬಿಡು, ಫೋನ್ ಬಂದ್ರ ಈ ಗುಂಡಿ ಒತ್ತು, ನಾ ಬರೂತನಕ ಈ ಬಾಣದ ಗುಂಡಿ ಹಿಡ್ಕೊಂಡು ಕುಂದ್ರು ಅಂತಿದ್ದ. ಅವ ಬಂದು ಕೈ ತೊಳಕೊಳ್ಳೂತನಕ ನಾನೇ ಓಡಿಸ್ತಿದ್ದೆ. ತಿರುವು ಮಾತ್ರ ನನಗ ಬರಂಗಿಲ್ಲ.” ಅವರು ಕುರ್ಚಿಯ ಕಡೆ ನೋಡಿದರು. “ನಿನ್ನೆ ಖಾದರ್ ಬರಲಿಲ್ಲ, ಕಾರು ಅಲ್ಲೇ ನಿಂತಿತು. ಏನೋ ಆಗ್ಯದ ಅಂತ ನೀ ತಿಳಕೊಂಡು ಬರ್ತಿ ಅಂದ್ಕೊಂಡೆ. ಬಂದಿ ನೋಡು.”

ಸುದ್ದಿ ತಿಳಿದು ಎರಡು ತಿಂಗಳಾಗಿದ್ದರೂ ಅಳು ಬಂದದ್ದು ಆಗಲೇ. ಸಣ್ಣ ಹುಡುಗನ ಹಾಗೆ ಬಿಕ್ಕಿದೆ. ಮಗನನ್ನು ಕಳೆದುಕೊಂಡ ತಾಯಿ ನನ್ನ ತಲೆ ಸವರಿ, ಸೆರಗಿನಿಂದ ನನ್ನ ಮುಖ ಒರೆಸಿ, ನನ್ನನ್ನೇ ಮಾತಾಡಿಸಿದರು. ಹೇಳಬೇಕಾದ್ದನ್ನು ಹೇಳಲು ಅದಕ್ಕಿಂತ ಒಳ್ಳೆಯ ಹೊತ್ತಿರಲಿಲ್ಲ. ಓಣಿಯವರ ಮುಂದೆ ನನ್ನ ಮಾನ ಕಾದವರಿಗೆ ಅದನ್ನು ಹೇಗೆ ಹೇಳಲಿ ಎಂದು ನಾನು ಮಾತು ಹುಡುಕುತ್ತಿದ್ದಾಗ ಮಹಬೂಬ್ ಚಹಾಕ್ಕೆಂದು ಅಂಗಡಿಯಿಂದ ಬಂದ.

“ನೋಡು, ಇವಗ ಈಗ ಗೊತ್ತಾತು!” ಎಂದು ಅಮ್ಮೀ ಅವನ ಮೇಲೆ ತಿರುಗಿದರು. “ನೀ ಖರೇ ಫೋನ್ ಮಾಡಿದ್ದೇನು?”

ಮಹಬೂಬ್ ನನ್ನನ್ನು ನೋಡಿದ. ಅಳುವ ಧ್ವನಿಯಲ್ಲಿ ತಾನು ಹೇಳಿದ್ದು, ಬರುತ್ತೇನೆ ಎಂದು ನಾನು ಅಂದದ್ದು, ಎರಡೂ ಅವನ ಕಣ್ಣಿನಲ್ಲಿದ್ದವು. 

“ಒಮ್ಮೆ ಮಾಡಿದ್ದೆ ಅಮ್ಮೀ, ಹತ್ತಲಿಲ್ಲ” ಎಂದ. “ಆಮ್ಯಾಲ ಮರ್ತುಬಿಟ್ಟೆ. ನಂದೇ ತಪ್ಪು.”

ಅಮ್ಮೀ ಕನ್ನಡ ಬಿಟ್ಟು ದಖ್ಖನಿ ಉರ್ದುವಿಗೆ ಇಳಿದರು. ಅಣ್ಣನ ಜೀವದ ಗೆಳೆಯನಿಗೆ ಒಂದು ಸುದ್ದಿ ಮುಟ್ಟಿಸಲಾರದ ನಾಲಾಯಕ್ ಎಂಬಲ್ಲಿಂದ ಹಿಡಿದು, ಅವನ ಬಾಲ್ಯದ ತಪ್ಪುಗಳವರೆಗೆ ಬೈದರು. ನಲವತ್ತು ದಾಟಿದ ಮಹಬೂಬ್ ತಲೆ ತಗ್ಗಿಸಿ ನಿಂತು ಕೇಳಿದ. ನಾನು ಕಪ್ಪಿನಿಂದ ಬಸಿಗೆ ಸುರಿದ ಚಹಾ ಆರುತ್ತದೆಂದು ಕುಡಿದೆ. ಬಸ್‌ಸ್ಟ್ಯಾಂಡಿನವರೆಗೆ ಕಳಿಸಲು ಬಂದ ಮಹಬೂಬ್ ಆ ವಿಷಯವನ್ನೇ ಎತ್ತಲಿಲ್ಲ. “ಐತವಾರ ಫೋನ್ ಮಾಡ್ರಿ ಅಣ್ಣಾ. ಅಮ್ಮೀ ಕಾಯ್ತಾಳ” ಎಂದನಷ್ಟೇ. ಅವನ ಕ್ಷಮೆ ಕೇಳಬೇಕೆನ್ನುವಷ್ಟರಲ್ಲಿ ಬಸ್ಸು ಬಂತು. ಬಸ್ಸು ಹೊರಡಲು ಇನ್ನೂ ಹತ್ತು ನಿಮಿಷವಿತ್ತು. ಆದರೂ ಹತ್ತಿ ಕೂತೆ.

ಅಮ್ಮೀ ಉರ್ದು ಓದುತ್ತಾರೆ. ಕನ್ನಡ ಮಾತಾಡುತ್ತಾರೆ, ಓದುವುದಿಲ್ಲ. ಆ ಧೈರ್ಯದ ಮೇಲೆಯೇ ಇಷ್ಟನ್ನೂ ಬರೆದಿದ್ದೇನೆ. ಮಹಬೂಬ್ ಕನ್ನಡ ಚೆನ್ನಾಗಿ ಓದುತ್ತಾನೆ. ಇದರಲ್ಲಿ ಏನು ಬರೆದಿದೆ ಎಂದು ಅಮ್ಮೀ ಕೇಳಿದರೆ, ಅವನು ಮತ್ತೆ ನನಗಾಗಿ ಏನಾದರೂ ಒಂದು ಸುಳ್ಳು ಹೇಳುತ್ತಾನೆ. ಅದೂ ನನಗೆ ಗೊತ್ತು.