ಬಂಡಿಯ ಎಣ್ಣೆ ಮತ್ತು ನನ್ನ ಎಡಗಣ್ಣು

೧೯೫೨ರ ಬೇಸಿಗೆಯಲ್ಲಿ, ಮಸ್ಕಿಯಿಂದ ಸಿಂಧನೂರಿಗೆ ಹೋಗುವ ದಾರಿಯಲ್ಲಿ, ನಾನು ನನ್ನ ಎಡಗಣ್ಣಿಗೆ ಎತ್ತಿನ ಬಂಡಿಯ ಎಣ್ಣೆ ಹಾಕಿಕೊಂಡೆ. ಯಾರೂ ಬಲವಂತ ಮಾಡಿರಲಿಲ್ಲ. ಆ ಹೊತ್ತಿಗೆ ನಾನು ಪೂರ್ತಿ ಎಚ್ಚರದಲ್ಲಿದ್ದೆ.

ಹಿನ್ನೆಲೆ ಹೀಗಿದೆ. ಪತ್ರಿಕೆಯೊಂದಕ್ಕೆ ಮಸ್ಕಿಯಿಂದ ಸುದ್ದಿ ಬರೆದು ಕಳಿಸುವುದು ನನ್ನ ಕೆಲಸ. ಆ ವರ್ಷ ಕಾಲುವೆ ಅಗೆಯುವ ಸುದ್ದಿಗೆಂದು ಮಣ್ಣಿನ ರಾಶಿಗಳ ನಡುವೆ ಅಲೆದಾಡಿದೆ. ಎರಡೂ ಕಣ್ಣು ಉರಿಯತೊಡಗಿದವು. ರೆಪ್ಪೆ ಮುಚ್ಚಿದರೆ ಒಳಗೆ ಮರಳು ಉಜ್ಜಿದಂತಾಗುತ್ತಿತ್ತು. ಬೆಳಗ್ಗೆ ಎದ್ದರೆ ರೆಪ್ಪೆಗಳನ್ನು ಬೆರಳಿನಿಂದ ಬಿಡಿಸಬೇಕಿತ್ತು. ಲಿಂಗಸೂಗೂರಿನ ಡಾಕ್ಟರು ಬ್ಯಾಟರಿ ಬಿಟ್ಟು ನೋಡಿದರು.

“ನಿಮ್ಮ ಕಣ್ಣಾಗ ನೀರು ಬತ್ತ್ಯಾವ. ಇನ್ನ ಮ್ಯಾಲ ಈ ಹನಿನ ನಿಮಗ ಕಣ್ಣೀರು. ತಾಸಿಗೊಮ್ಮೆ ಹಾಕ್ಕೋರಿ. ಎಡಗಣ್ಣು ಈಗಾಗಲೇ ಗೀರಿದಂಗ ಆಗ್ಯಾದ. ಒಣಗಾಕ ಬಿಟ್ರ ಹೂ ಬೀಳ್ತದ.”

ಹೂ ಬೀಳುವುದೆಂದರೆ ಕರಿಗುಡ್ಡೆಯ ಮೇಲೆ ಬಿಳಿ ಕಲೆ ಕೂರುವುದು. ಅದು ಕೂತರೆ ಕಣ್ಣು ಹೋದಂತೆಯೇ.

ಹೊರಗೆ ಬಂದು ಕಂಪೌಂಡರನ್ನು ಕೇಳಿದೆ. “ಈ ಸೀಸೆದಾಗ ಏನೈತ್ರಿ?”

“ಹೆಚ್ಚಿಂದು ಔಡಲ ಎಣ್ಣಿ ರೀ.”

ಔಡಲ ಎಣ್ಣೆ ಎಂದರೆ ಹರಳೆಣ್ಣೆ. ನಾನು ನಕ್ಕುಬಿಟ್ಟೆ. ನಮ್ಮ ಹೊಲದ ಬದುವಿನ ತುಂಬ ಔಡಲ! ಮನೆಯಲ್ಲಿ ಗಡಿಗೆ ತುಂಬ ಎಣ್ಣೆ! ಮಕ್ಕಳ ಹೊಟ್ಟೆಗೆ, ನನ್ನ ನೆತ್ತಿಗೆ, ದೇವರ ದೀಪಕ್ಕೆ ಎಲ್ಲದಕ್ಕೂ ಅದೇ.

ಸೀಸೆ ಮುಗಿಯುವವರೆಗೆ ಕಣ್ಣು ಸುಧಾರಿಸಿತು. ಇದನ್ನು ದಾಖಲಿಸುವುದು ನ್ಯಾಯ. ಮುಗಿದ ದಿನ ಹೆಂಡತಿ ಗಂಗಮ್ಮ, “ನಾಳೆ ಬಸ್ಸಿಗೆ ಹೋಗಿ ಇನ್ನೊಂದು ತರ್ರಿ” ಎಂದಳು.

“ಔಡಲ ಎಣ್ಣಿ ಅಂದ್ರ ಔಡಲ ಎಣ್ಣಿ. ಲಿಂಗಸೂಗೂರಿಂದು ಬ್ಯಾರೆ, ನಮ್ಮದು ಬ್ಯಾರೆ ಏನು?”

“ಹಂಗಾದ್ರ ಡಾಕ್ಟರ್ ಯಾಕ ಬೇಕಾಗಿದ್ದ?”

“ಬ್ಯಾನಿ ಹೆಸರು ಹೇಳಾಕ!”

ಖಾಲಿ ಸೀಸೆಗೆ ಗಡಿಗೆಯ ಎಣ್ಣೆ ತುಂಬಿದೆ. ಕಣ್ಣು ಕೆಂಪಗೆ ಊದಿಕೊಂಡಿತು. ಔಷಧ ಜೋರಾಗಿ ಕೆಲಸ ಮಾಡುತ್ತಿದೆ ಎಂದು ಪ್ರಕಟಿಸಿದೆ.

ಅಷ್ಟರಲ್ಲಿ ಗಂಗಮ್ಮನ ತಂಗಿಯ ನಿಶ್ಚಯ ಬಂತು. ಸಿಂಧನೂರಿನಾಚೆ ವಳಕಮದಿನ್ನಿ ಅವಳ ತವರು. ಅವಳ ತಮ್ಮ ಬಸಲಿಂಗ ನಮ್ಮನ್ನು ಕರೆದೊಯ್ಯಲು ಬಂದು, ನಮ್ಮದೇ ಬಂಡಿ ಹೂಡಿದ. ಸೀಸೆ ಒಡೆಯಬಾರದೆಂದು ನಾನು ಅದನ್ನು ಮೆತ್ತಗಿನ ಜಾಗದಲ್ಲಿ, ಬಟ್ಟೆಯ ಗಂಟಿನ ನಡುವೆ ಇಟ್ಟೆ. ಸೀಸೆ ಒಡೆಯಲಿಲ್ಲ. ಬಿರಡೆ ಬಿಚ್ಚಿಕೊಂಡಿತು.

ಅರ್ಧ ದಾರಿಯಲ್ಲಿ ಗಂಗಮ್ಮ ಗಂಟು ಬಿಚ್ಚಿದಳು. “ಅಯ್ಯ ನನ ದೇವರ! ತಂಗೀಗೆ ಉಡಿಸೋ ಇಳಕಲ್ ಸೀರಿ ರೀ ಇದು!”

“ಎಣ್ಣಿ ಎಲ್ಲಾ ಹೋತಲ್ಲ!” ಎಂದೆ ನಾನು. ಮೊದಲು ಸೀರೆಯ ಬಗ್ಗೆ ವಿಷಾದ ಸೂಚಿಸಬೇಕಿತ್ತು ಎಂಬುದು ಅವಳ ಮುಖ ನೋಡಿದ ಮೇಲೆ ತಿಳಿಯಿತು.

ಬಿಸಿಲು ಏರಿತ್ತು, ಗಾಳಿ ದೂಳು ಎರಚುತ್ತಿತ್ತು. ಎಡಗಣ್ಣು ಕೆಂಡವಾಗಿತ್ತು. ಬಸಲಿಂಗ ಮುಂದಿನಿಂದ ತಿರುಗಿ ನೋಡಿದ.

“ಯಾಕ ಚಿಂತಿ ಮಾಡ್ತೀರಿ ಮಾವಾ? ಬಂಡಿ ಕೆಳಗ ಗೊಟ್ಟದಾಗ ಬೇಕಾದಷ್ಟೈತಿ. ಅದೂ ಔಡಲ ಎಣ್ಣಿನ ಅಲ್ಲೇನು? ನಿಮ್ಮ ಎಣ್ಣಿ, ನಿಮ್ಮ ಬಂಡಿ!”

ಬಂಡಿಯ ಅಚ್ಚಿಗೆ ಸವರುವ ಎಣ್ಣೆ ಅದು. ಔಡಲೆಣ್ಣೆಗೆ ಸುಟ್ಟ ಹುಲ್ಲಿನ ಬೂದಿ ಕಲಸಿ ಬಿದಿರಿನ ಗೊಟ್ಟದಲ್ಲಿ ತೂಗುಹಾಕಿರುತ್ತಾರೆ. ಇದ್ದಿಲಿನಷ್ಟು ಕಪ್ಪು. ಬಸಲಿಂಗ ಚೇಷ್ಟೆಗೆ ಹೇಳಿದ್ದ. ನಾನು ವಿಚಾರಕ್ಕೆ ತೆಗೆದುಕೊಂಡೆ.

“ಬ್ಯಾಡ್ರಿ! ಆಣಿ ಮಾಡಿ ಹೇಳ್ತೀನಿ, ಬ್ಯಾಡ್ರಿ!” ಎಂದಳು ಗಂಗಮ್ಮ.

ಆದರೆ ಮನೆಯಲ್ಲಿ ಸ್ಥಾಪಿಸಿದ ಸಿದ್ಧಾಂತವನ್ನು ನಡುದಾರಿಯಲ್ಲಿ ಕೈಬಿಡುವುದು ಹೇಗೆ? ಬೂದಿ ತಳಕ್ಕೆ ಇಳಿದಿರುತ್ತದೆ, ಮೇಲಿನದು ತಿಳಿ ಎಂಬುದು ನನ್ನ ತರ್ಕ. ಬಂಡಿ ಬೆಳಗಿನಿಂದ ಕುಲುಕುತ್ತಿತ್ತು ಎಂಬುದು ಆ ತರ್ಕದಲ್ಲಿ ಸೇರಿರಲಿಲ್ಲ! ಧೋತರದ ಅಂಚನ್ನು ಅದ್ದಿ ಎಡಗಣ್ಣಿಗೆ ಹಿಂಡಿಕೊಂಡೆ.

ನನ್ನ ಕೂಗಿಗೆ ಎತ್ತುಗಳು ದಾರಿ ಬಿಟ್ಟು ಜಾಲಿಗಿಡಕ್ಕೆ ನುಗ್ಗಿದವು.

“ನಾ ಚೇಷ್ಟಿಗೆ ಅಂದೆ ಮಾವಾ! ನಿಜಾನ ಹಾಕ್ಕೊಂಡ್ರೇನು?” ಬಸಲಿಂಗ ಅಳುವಂತಾದ.

ನಿಶ್ಚಯದಲ್ಲಿ ನಾನು ಹಿರಿಯರ ಸಾಲಿನಲ್ಲಿ ಕೂತೆ. ಕಣ್ಣಿನಿಂದ ಮೀಸೆಯವರೆಗೆ ಕಪ್ಪು ಗೆರೆ ಇಳಿಯುತ್ತಿತ್ತು. ಗಂಡಿನ ಕಡೆಯ ಹಿರಿಯರೊಬ್ಬರು ನನ್ನ ಮಾವನವರ ಕಿವಿಯಲ್ಲಿ ಕೇಳಿದರು. “ನಿಮ್ಮ ಅಳಿಯಾ ಒಂದ ಸಮನ ಅಳಾಕತ್ತಾರಲ್ರಿ. ಹುಡುಗೀಗೆ ಏನರ ಬ್ಯಾನಿ ಗೀನಿ ಐತೇನು?”

“ಇಲ್ರಿ, ಅವರಿಗೆ ಕಣ್ಣೀರ ಬರೂದಿಲ್ಲ. ಅದು ಬಂಡಿ ಎಣ್ಣಿ.”

ಬೀಗರು ಇನ್ನಷ್ಟು ಗಾಬರಿಯಾದರು. ಆದರೂ ಸಂಬಂಧ ಮುರಿಯಲಿಲ್ಲ. ನಾನು ಊಟ ಮುಗಿಸಿ, ಮರುದಿನದ ಊಟವನ್ನೂ ಮುಗಿಸಿ ಗಂಗಮ್ಮನೊಂದಿಗೆ ಹೊರಟೆ. ಲಿಂಗಸೂಗೂರು ಮುಟ್ಟುವ ಹೊತ್ತಿಗೆ ಎಡಗಣ್ಣು ತೆರೆಯುತ್ತಿರಲಿಲ್ಲ. ಡಾಕ್ಟರು ರೆಪ್ಪೆ ಎತ್ತಿ ಬ್ಯಾಟರಿ ಬಿಟ್ಟರು.

“ಏನ್ ಹಾಕಿದ್ರಿ?”

“ಔಡಲ ಎಣ್ಣಿ ರೀ. ನೀವು ಕೊಟ್ಟಿದ್ದ.”

“ಯಾವ ಔಡಲ ಎಣ್ಣಿ?”

“ಬಂಡೀದು ರೀ,” ಎಂದಳು ಗಂಗಮ್ಮ.

ಡಾಕ್ಟರು ಬ್ಯಾಟರಿ ಆರಿಸಿದರು. “ನಾವು ಕೊಡೂದು ಸೋಸಿ, ಕಾಸಿ, ಹುಳ ಸಾಯಿಸಿ ಸೀಸೆಗೆ ತುಂಬಿದ್ದು. ಬಲಗಣ್ಣಿಗೂ ಹಾಕೀರೇನು?”

“ಹಾಕ್ಕೋಬೇಕಂತ ಮತ್ತ ಅದ್ದಿದ್ದೆ ರೀ. ಇಕಿ ಗೊಟ್ಟ ಕಸ್ಕೊಂಡು ದಾರ್ಯಾಗ ಒಗದ್ಲು.”

“ಒಗದಿದ್ದಕ್ಕ ಒಂದು ಉಳದದ,” ಎಂದರು ಡಾಕ್ಟರು, ನನ್ನನ್ನು ಬಿಟ್ಟು ಅವಳ ಕಡೆ ನೋಡಿ.

ಎಡಗಣ್ಣಿಗೆ ಹೂ ಬಿತ್ತು. ಇತ್ತೀಚಿನ ತಪಾಸಣೆಯ ಪ್ರಕಾರ, ಬ್ಯಾಟರಿ ಹೊತ್ತಿದೆಯೋ ಆರಿದೆಯೋ ಎಂಬುದಷ್ಟೇ ಆ ಕಣ್ಣಿಗೆ ತಿಳಿಯುತ್ತದೆ. ಬಲಗಣ್ಣಿಗೆ ದವಾಖಾನೆಯ ಹನಿ ತಾಸಿಗೊಮ್ಮೆ ಬೀಳುತ್ತಿದೆ. ಹಾಕುವವಳು ಗಂಗಮ್ಮ. ಸೀಸೆ ಮುಟ್ಟಲು ನನಗೆ ಅನುಮತಿ ಇಲ್ಲ.