ಮನೆಗೊಂದು ದೂರು ಪೆಟ್ಟಿಗೆ

ಮನುಷ್ಯರನ್ನು ಅರಿಯುವ ವಿದ್ಯೆಯಲ್ಲಿ ನಮ್ಮ ಬೀದಿಯಲ್ಲಿ ನನ್ನನ್ನು ಮೀರಿಸುವವರು ಇರಕೂಡದು ಎಂದು ನಲವತ್ತೇಳನೆಯ ವಯಸ್ಸಿನಲ್ಲಿ ನಾನು ಘನಘೋರವಾದ ತೀರ್ಮಾನ ಮಾಡಿದೆ! ಇಪ್ಪತ್ತು ವರ್ಷಗಳಿಂದ ಛತ್ರಿ ಕಾರ್ಖಾನೆಯ ಹಾಜರಿ ವಿಭಾಗದಲ್ಲಿ ಕೂತು, ಯಾರು ಎಷ್ಟು ಹೊತ್ತಿಗೆ ಗೇಟು ದಾಟಿದರು ಎಂದು ಬರೆದುಕೊಳ್ಳುತ್ತಾ ಬಂದವನು ನಾನು. ಈಗ ಅಲ್ಲಿ ಸಿಬ್ಬಂದಿ ಅಧಿಕಾರಿಯ ಕುರ್ಚಿ ಖಾಲಿಯಾಗುವುದರಲ್ಲಿತ್ತು. ಆ ಕುರ್ಚಿಗೆ ಕೈಗಳಿವೆ, ಕಾಲಿಗೆ ಚಕ್ರಗಳಿವೆ. ಆದರೆ ಅದರಲ್ಲಿ ಕೂರುವವರಿಗೆ ಪದವಿ ಇರಬೇಕಂತೆ! ಸರಿ, ವಿಶ್ವವಿದ್ಯಾಲಯದ ಸಂಜೆ ತರಗತಿಗೆ ಸೇರಿಯೇ ಬಿಟ್ಟೆ. ಒಂದಲ್ಲ ಎರಡಲ್ಲ ಎನ್ನಲು ಆಗದಿದ್ದರೂ ಎರಡಂತೂ ಹೌದು: ಮನಶ್ಶಾಸ್ತ್ರ, ಜೊತೆಗೆ ಮಾನವ ಸಂಪನ್ಮೂಲ ನಿರ್ವಹಣೆ.

"ಎರಡೂ ಒಟ್ಟಿಗೆ ಯಾಕ್ರೀ?" ಎಂದಳು ಹೆಂಡತಿ.

"ಒಂದು ಮನುಷ್ಯನನ್ನ ಒಳಗಿಂದ ಹಿಡಿಯುತ್ತೆ, ಇನ್ನೊಂದು ಹೊರಗಿಂದ. ಎರಡೂ ಕಡೆಯಿಂದ ಹಿಡಿದ್ರೆ ಯಾರೂ ತಪ್ಪಿಸ್ಕೊಳ್ಳೋಕೆ ಆಗಲ್ಲ!"

"ಪಾಪ," ಎಂದಳು. ಯಾರನ್ನು ಕುರಿತು ಎಂದು ಹೇಳಲಿಲ್ಲ. ಅವಳು ಆಸ್ಪತ್ರೆಯಲ್ಲಿ ಹೆಡ್ ನರ್ಸ್. ವಾರ್ಡಿನ ಡ್ಯೂಟಿ ಪಟ್ಟಿಯನ್ನು ಮನೆಗೆ ತಂದು, ಪೆನ್ಸಿಲ್ಲು ರಬ್ಬರು ಹಿಡಿದು ತಿದ್ದುತ್ತಾ ಕೂರುವುದು ಅವಳ ಸಂಜೆಯ ಅಭ್ಯಾಸ.

ನಿಜ ಹೇಳುತ್ತೇನೆ, ಮೊದಲ ವಾರವೇ ನನಗೆ ಓದಿನ ಹುಚ್ಚು ಹತ್ತಿತು. ಹೊಲಿಗೆ ವಿಭಾಗದ ಮೇಸ್ತ್ರಿಯೊಬ್ಬ ದಿನವೂ ಒಂಬತ್ತು ನಿಮಿಷ ತಡ. ಅದನ್ನು ನಾನು ವರ್ಷಗಟ್ಟಲೆ ಕೆಂಪು ಶಾಯಿಯಲ್ಲಿ ಬರೆದಿದ್ದೆ. ನಿರ್ವಹಣೆಯ ಪಾಠದಲ್ಲಿ "ಎಷ್ಟು ನಿಮಿಷ ತಡ?" ಎಂದು ಕೇಳುತ್ತಾರೆ. ಮನಶ್ಶಾಸ್ತ್ರದ ಪಾಠದಲ್ಲಿ "ಯಾಕೆ ತಡ?" ಎಂದು ಕೇಳುತ್ತಾರೆ. ಮರುದಿನವೇ ಹೋಗಿ ಕೇಳಿದೆ. ಆತ ನಾಚಿಕೊಂಡು, "ಅಡ್ಡರಸ್ತೇಲಿ ಒಂದು ನಾಯಿ ಇದೆ ಸಾರ್. ಸುತ್ತಿಕೊಂಡು ಬರ್ತೀನಿ," ಎಂದ. ಅಬ್ಬಾ! ನನ್ನ ಕೆಂಪು ಶಾಯಿಯ ಹಿಂದೆ ಇಷ್ಟು ವರ್ಷ ಒಂದು ನಾಯಿ ಕೂತಿತ್ತು! ಅವತ್ತಿನಿಂದ ಕಂಡಕಂಡವರ ಹಿಂದೆಲ್ಲ ಯಾವ ನಾಯಿ ಇದೆ ಎಂಬ ಕುತೂಹಲ ನನ್ನನ್ನು ಕೂರಲೂ ಬಿಡದು, ನಿಲ್ಲಲೂ ಬಿಡದು.

ಕಲಿತದ್ದನ್ನು ಹೊಟ್ಟೆಯಲ್ಲಿ ಇಟ್ಟುಕೊಳ್ಳುವ ಜಾಯಮಾನ ನನ್ನದಲ್ಲ. ಪ್ರತಿ ಸಂಜೆ ಹೆಂಡತಿಯ ಎದುರು ಕೂತು ಪಾಠ ಒಪ್ಪಿಸುತ್ತಿದ್ದೆ. ರಜೆ ಕೇಳಿದವರನ್ನು ಹೇಗೆ ಮಾತಾಡಿಸಬೇಕು, ಜಗಳಾಡಿದ ಇಬ್ಬರನ್ನು ಒಂದೇ ಪಾಳಿಗೆ ಹಾಕಬಾರದೇಕೆ, ಇತ್ಯಾದಿ. ಅವಳು ಪಟ್ಟಿಯಿಂದ ತಲೆ ಎತ್ತದೆ "ಹೂಂ, ಹೂಂ" ಎನ್ನುತ್ತಿದ್ದಳು. ಶಿಷ್ಯೆ ಎಂದರೆ ಹೀಗಿರಬೇಕು ಎಂದು ನಾನು ಹಿಗ್ಗುತ್ತಿದ್ದೆ.

ಹೀಗಿರುವಾಗ ನಮ್ಮ ತರಗತಿಯ ಮೇಡಂ ಪ್ರಾಯೋಗಿಕ ಪರೀಕ್ಷೆ ಘೋಷಿಸಿದರು. ಅವರು ನನ್ನ ಮಗಳಿಗಿಂತ ಏಳೆಂಟು ವರ್ಷ ದೊಡ್ಡವರಿರಬಹುದು, ಆದರೆ ಕನ್ನಡಕದ ಮೇಲಿಂದ ನೋಡಿದರೆ ನನಗೆ ಮೂರನೇ ಕ್ಲಾಸಿನ ನೆನಪಾಗುತ್ತದೆ. "ಯಾವುದಾದರೂ ಸಂಸ್ಥೆಯಲ್ಲಿ ದೂರು ಪೆಟ್ಟಿಗೆ ಇಡಿ. ದೂರು ಬರೆಯೋರು ಹೆಸರು ಹಾಕಬಾರದು. ಒಂದಾದರೂ ದೂರನ್ನ ಬಗೆಹರಿಸಿ. ಆಮೇಲೆ ದೂರುದಾರರೇ ಮುಂದೆ ಬಂದು, ತೃಪ್ತಿ ಆಯ್ತೋ ಇಲ್ವೋ ಬರೆದು ಸಹಿ ಹಾಕಬೇಕು. ಇಪ್ಪತ್ತು ಅಂಕ. ಹತ್ತು ಬರದಿದ್ದರೆ ಈ ವರ್ಷ ಹೋಯ್ತು!"

ವರ್ಷ ಹೋದರೆ ಚಕ್ರದ ಕುರ್ಚಿಯೂ ಉರುಳಿಕೊಂಡು ಹೋದಂತೆಯೇ! ನಮ್ಮ ಮ್ಯಾನೇಜರ ಬಳಿ ಓಡಿದೆ. "ದೂರು ಪೆಟ್ಟಿಗೆನಾ? ಪೆಟ್ಟಿಗೆ ಇಲ್ಲದೇನೇ ಬರ್ತಿರೋ ದೂರು ಸಾಕಾಗಿದೆ, ಹೋಗ್ರೀ!" ಎಂದು ಬಾಗಿಲು ತೋರಿಸಿದರು. ಆಗ ಹೊಳೆಯಿತು. ಮನೆಗಿಂತ ದೊಡ್ಡ ಸಂಸ್ಥೆ ಯಾವುದಿದೆ? ಹೆಂಡತಿ, ಅಮ್ಮ, ಕಾಲೇಜಿಗೆ ಹೋಗುವ ಮಗಳು. ಮೂವರು ಸಿಬ್ಬಂದಿ, ಒಬ್ಬ ಅಧಿಕಾರಿ!

ಬಿಸ್ಕತ್ತಿನ ಹಳೆಯ ಡಬ್ಬಿಯ ಮುಚ್ಚಳಕ್ಕೆ ಸೀಳು ಕೊರೆದೆ. ಕೊರೆಯುವಾಗ ಹೆಬ್ಬೆರಳನ್ನೂ ಕೊರೆದುಕೊಂಡೆ. ಹೆಂಡತಿ ಬ್ಯಾಂಡೇಜು ಸುತ್ತಿದಳು. ಡಬ್ಬಿಯನ್ನು ಟೀವಿಯ ಪಕ್ಕ ಪ್ರತಿಷ್ಠಾಪಿಸಿ, ಗಂಟಲು ಸರಿಪಡಿಸಿಕೊಂಡು ಘೋಷಿಸಿದೆ: "ಯಾರೂ ಹೆದರಬೇಕಾಗಿಲ್ಲ. ಮನಸ್ಸಿನಲ್ಲಿ ಇರೋದನ್ನ ಬರೆದು ಹಾಕಿ. ಏಳು ದಿನದೊಳಗೆ ಕ್ರಮ ಕೈಗೊಳ್ಳಲಾಗುವುದು!"

ನಾಲ್ಕು ದಿನ ಡಬ್ಬಿ ಖಾಲಿ. ದೂರೇ ಇಲ್ಲದ ಸಂಸ್ಥೆ ಎಂದು ತರಗತಿಯಲ್ಲಿ ಕೊಚ್ಚಿಕೊಂಡೆ. "ದೂರು ಇಲ್ಲ ಅಂದ್ರೆ ನೆಮ್ಮದಿ ಇದೆ ಅಂತಲೇ ಅಲ್ಲ. ಭಯ ಇದೆ ಅಂತಲೂ ಆಗಬಹುದು," ಎಂದರು ಮೇಡಂ. ಮನೆಗೆ ಬಂದವನೇ ಕೇಳಿದೆ: "ನನ್ನ ಕಂಡ್ರೆ ನಿಮಗೆಲ್ಲ ಭಯಾನಾ?" ಮೂವರೂ ಬಿದ್ದು ಬಿದ್ದು ನಕ್ಕರು. ಅಮ್ಮನಿಗೆ ನೀರು ಕುಡಿಸಬೇಕಾಯಿತು.

ಐದನೆಯ ದಿನ ಒಂದು ಚೀಟಿ! "ಈ ಡಬ್ಬಿ ನನ್ನದು. ನನ್ನ ಗುಂಡಿಗಳನ್ನು ಎಲ್ಲಿ ಸುರಿದಿದ್ದೀಯ?" ಬರೆದವರು ಯಾರೆಂದು ಊಹಿಸಲು ಪದವಿ ಬೇಕಿರಲಿಲ್ಲ. ಇದು ಆಸ್ತಿ ವಿವಾದ, ನಮ್ಮ ಪಠ್ಯದಲ್ಲಿಲ್ಲ ಎಂದು ಅಮ್ಮನಿಗೆ ಹೇಳಿ ವಜಾ ಮಾಡಿದೆ.

ಆರನೆಯ ದಿನ ಇನ್ನೊಂದು ಚೀಟಿ. ಅಕ್ಷರಗಳು ಎಡಗೈಯಲ್ಲಿ ಗೀಚಿದಷ್ಟು ಸೊಟ್ಟಸೊಟ್ಟ. "ಈ ಮನೆಯಲ್ಲಿ ನನ್ನನ್ನು ಯಾರೂ ಏನೂ ಕೇಳುವುದಿಲ್ಲ."

ನಾನು ಆ ಚೀಟಿಯನ್ನು ಮೂರು ಸಲ ಓದಿದೆ. ನಗು ಬರಲಿಲ್ಲ. ನನ್ನ ಮನೆಯಲ್ಲೇ ಒಂದು ಜೀವ ಹೀಗೆ ಒಳಗೊಳಗೇ ನೊಂದುಕೊಂಡಿದೆಯೇ? ಯಾರದು? ಶನಿವಾರ ವರದಿ ಒಪ್ಪಿಸಬೇಕು, ಅದಕ್ಕೆ ಆ ವ್ಯಕ್ತಿಯ ಸಹಿ ಬೇಕು. ಅದಕ್ಕಿಂತ ಹೆಚ್ಚಾಗಿ, ಯಾರೆಂದು ತಿಳಿಯದೆ ನನಗೆ ಅನ್ನ ಸೇರುವಂತಿರಲಿಲ್ಲ.

ಮೊದಲ ಅನುಮಾನ ಅಮ್ಮನ ಮೇಲೆ. ವಯಸ್ಸಾದವರು, ದಿನವಿಡೀ ಒಬ್ಬರೇ. ಮನಶ್ಶಾಸ್ತ್ರದಲ್ಲಿ ಒಂದು ಉಪಾಯವಿದೆ: ಎದುರಿನವರು ಹೇಳಿದ್ದನ್ನೇ ನಾವು ಮೆಲ್ಲಗೆ ತಿರುಗಿ ಹೇಳಬೇಕು. ಆಗ ಅವರ ಮನಸ್ಸು ತೆರೆದುಕೊಳ್ಳುತ್ತದಂತೆ.

"ಮಂಡಿ ನೋವು ಕಣೋ," ಎಂದರು ಅಮ್ಮ.

"ಮಂಡಿ ನೋವು ಅಂತ ನಿನಗನ್ನಿಸ್ತಿದೆ."

"ಅನ್ನಿಸೋದೇನು ಬಂತು? ನೋವೇ ಇದೆ!"

"ನೋವೇ ಇದೆ ಅಂತೀಯ."

ಅಮ್ಮ ನನ್ನ ಮುಖವನ್ನೇ ನೋಡಿ, ಕಿವಿಯ ಹತ್ತಿರ ಬಂದು ಕೂಗಿದರು: "ಕಿವಿ ಕೇಳಿಸ್ತಿಲ್ವೇನೋ ನಿನಗೆ? ನಾಳೇನೇ ಡಾಕ್ಟರ ಹತ್ರ ಹೋಗು!"

ಉಪಾಯ ಬಿಟ್ಟು ನೇರವಾಗಿ ಚೀಟಿ ತೋರಿಸಿದೆ. "ನಾನಲ್ಲಪ್ಪ. ನಿನ್ನ ಹೆಂಡತಿ ದಿನಾ ಬೆಳಗ್ಗೆ ಏನು ಬೇಕು ಅಂತ ಕೇಳಿಯೇ ಹೋಗ್ತಾಳೆ," ಎಂದರು. ಆಮೇಲೆ ಸೇರಿಸಿದರು: "ನೀನೂ ಏನಾದ್ರೂ ಕೇಳೋ ಹಾಗಿದ್ರೆ ಒಂದು ಹೇಳ್ತೀನಿ. ದಿನಾ ಬೆಳಗ್ಗೆ ಪೇಪರ್ ಓದಿ ಹೇಳ್ತೀಯಲ್ಲ, ಅದು ಬೇಡ ಕಣೋ. ಅಷ್ಟು ಹೊತ್ತಿಗೆ ನಾನೇ ಓದಿ ಮುಗಿಸಿರ್ತೀನಿ."

"ಮತ್ತೆ ಎರಡು ವರ್ಷದಿಂದ ಕೇಳಿಸ್ಕೊಂಡಿದ್ದು?"

"ನಿನಗೆ ಬೇಜಾರಾಗುತ್ತೆ ಅಂತ."

ಗಾಯಗೊಂಡ ಅಧಿಕಾರಿ ಮಗಳ ಕೋಣೆಗೆ ನಡೆದ. ಈ ವಯಸ್ಸಿನವರ ಬಾಯಿ ಬಿಡಿಸಲು ಸುಮ್ಮನೆ ಕೂರಬೇಕು, ಮೌನವೇ ಪ್ರಶ್ನೆ ಎಂದು ಪುಸ್ತಕ ಹೇಳುತ್ತದೆ. ನಾನು ಮಂಚದ ತುದಿಯಲ್ಲಿ ಕೂತು, ಅರ್ಥಗರ್ಭಿತವಾಗಿ ನೋಡತೊಡಗಿದೆ. ಎರಡು ನಿಮಿಷವಾಗುವಷ್ಟರಲ್ಲಿ ಅವಳ ಮುಖ ಬಿಳಿಚಿತು.

"ಗೊತ್ತಾಗೋಯ್ತಾ ಅಪ್ಪಾ?"

ನಾನು ಮೌನ.

"ನಾನೇ ಹೇಳಬೇಕು ಅಂತಿದ್ದೆ. ವಾಣಿಜ್ಯ ಬಿಟ್ಟು ಸಸ್ಯಶಾಸ್ತ್ರಕ್ಕೆ ಸೇರಿ ಒಂದು ತಿಂಗಳಾಯ್ತು!"

"ಏನೂ!" ಮೌನ ಅಲ್ಲಿಗೆ ಮುಗಿಯಿತು. "ಅರ್ಜಿಗೆ ಸಹಿ ಹಾಕಿದ್ದು ಯಾರು?"

"ಅಮ್ಮ. ಮೂರು ದಿನ ಕೂರಿಸಿಕೊಂಡು, ನಿಜವಾಗಲೂ ಏನು ಓದಬೇಕು ಅಂತ ಕೇಳಿ, ಆಮೇಲೆ ಹಾಕಿದ್ರು. ನಿಮಗೆ ಪರೀಕ್ಷೆ ಅಲ್ವಾ, ತೊಂದರೆ ಕೊಡೋದು ಬೇಡ ಅಂದ್ರು."

ಚೀಟಿ ತೋರಿಸಿದೆ. "ನನ್ನದಲ್ಲಪ್ಪ," ಎಂದಳು. ಹೌದು, ಅವಳನ್ನು ಕೇಳುವವರು ಇದ್ದರಲ್ಲ!

ಉಳಿದದ್ದು ಒಬ್ಬಳು. ನಾನು ಅವಳನ್ನು ಅನುಮಾನಿಸಿಯೇ ಇರಲಿಲ್ಲ. ಸಂಸಾರ ನಡೆಸುವವಳಿಗೆ ಎಂಥ ದೂರು? ಶುಕ್ರವಾರ ಸಂಜೆ, ಅವಳು ಊಟದ ಮೇಜಿನ ಮೇಲೆ ಡ್ಯೂಟಿ ಪಟ್ಟಿ ಹರಡಿಕೊಂಡಿದ್ದಳು. ಚೀಟಿಯನ್ನು ಅದರ ಪಕ್ಕದಲ್ಲಿಟ್ಟೆ.

"ಇದು... ನೀನು ಬರೆದದ್ದಾ?"

"ಹೂಂ."

"ಎಡಗೈಯಲ್ಲಿ?"

"ಬಲಗೈಯಲ್ಲೇ. ಬಸ್ಸಲ್ಲಿ ಸೀಟು ಸಿಗಲಿಲ್ಲ, ನಿಂತ್ಕೊಂಡು ಬರೆದೆ."

"ಏನು ಕೇಳಬೇಕಿತ್ತು ನಾನು?"

"ಏನಾದ್ರೂ." ಅವಳು ಪೆನ್ಸಿಲ್ಲು ಕೆಳಗಿಟ್ಟಳು. "ಒಂಬತ್ತು ವರ್ಷದಿಂದ ಮೂವತ್ತೆರಡು ಜನರನ್ನ ನೋಡ್ಕೊಳ್ತಿದೀನಿ ಕಣ್ರೀ. ನೀವು ಮೂರು ತಿಂಗಳಿಂದ, ರಜೆ ಕೊಡೋದು ಹೇಗೆ ಅಂತ ನನಗೆ ಪಾಠ ಹೇಳ್ತಿದೀರ. ಹೋದ ತಿಂಗಳು ಹೊಸ ನರ್ಸ್ ಒಬ್ಬಳು ಕೆಲಸ ಬಿಡ್ತೀನಿ ಅಂತ ಅತ್ತಳು. ಎರಡು ಗಂಟೆ ಕೂತು ಮಾತಾಡಿ ಉಳಿಸ್ಕೊಂಡೆ. ಮನೆಗೆ ಬಂದು ಹೇಳೋಣ ಅಂತ ಬಾಯಿ ತೆಗೆದ್ರೆ, 'ನೌಕರರು ಯಾಕೆ ಕೆಲಸ ಬಿಡ್ತಾರೆ ಗೊತ್ತಾ?' ಅಂತ ನೀವೇ ಶುರು ಮಾಡಿದ್ರಿ!"

"ಕಾರಣ ಎಷ್ಟು ಹೇಳಿದೆ?"

"ಏಳು."

"ಸರಿ ಇತ್ತಾ?"

"ಎಂಟನೇದು ಬಿಟ್ಟಿದ್ರಿ."

"ಯಾವುದದು?" ನನ್ನ ದನಿಯಲ್ಲಿ ಅಧಿಕಾರಿ ಇರಲಿಲ್ಲ. ನಿಜವಾಗಿ ತಿಳಿಯಬೇಕಿತ್ತು.

"'ಇರು, ಹೋಗಬೇಡ' ಅಂತ ಅವರಿಗೆ ಯಾರೂ ಹೇಳಿರಲ್ಲ. ಅಷ್ಟೇ."

ನನಗೆ ನಾಚಿಕೆಯಾಯಿತು. ಛತ್ರಿ ಹೊಲಿಯುವವನ ನಾಯಿಯನ್ನು ಹುಡುಕಿ ತೆಗೆದ ಮಹಾಶಯ ನಾನು, ಎದುರಿಗೇ ಕೂತವಳನ್ನು ಒಂದು ಮಾತು ಕೇಳಿರಲಿಲ್ಲ. ಕುರ್ಚಿ ಎಳೆದು ಕೂತೆ. "ಆಮೇಲೆ ಆ ಹುಡುಗಿಗೆ ಏನು ಹೇಳಿದೆ?" ಎಂದೆ. ಅವಳು ಹೇಳತೊಡಗಿದಳು. ಜಗಳಾಡಿದ ಇಬ್ಬರನ್ನು ಬೇಕೆಂದೇ ಒಂದೇ ಪಾಳಿಗೆ ಹಾಕುತ್ತಾಳಂತೆ, ಮೂರನೆಯ ದಿನಕ್ಕೆ ಡಬ್ಬಿ ಹಂಚಿಕೊಂಡು ಊಟ ಮಾಡುತ್ತಾರಂತೆ! ನಮ್ಮ ಪುಸ್ತಕದಲ್ಲಿ ಇದರ ಉಲ್ಟಾ ಇದೆ. ನಾಲ್ಕು ಸಲ ನನ್ನ ಬಾಯಿ ತಾನಾಗಿ ತೆರೆಯಿತು, ನಾಲ್ಕು ಸಲವೂ ಕಾಫಿ ಲೋಟ ಅಡ್ಡ ಹಿಡಿದು ಮುಚ್ಚಿದೆ. ಒಂದೂವರೆ ಗಂಟೆ ಹೋದದ್ದೇ ತಿಳಿಯಲಿಲ್ಲ.

ಕೊನೆಗೆ ಮೆಲ್ಲಗೆ ಮೇಡಂ ಕೊಟ್ಟಿದ್ದ ನಮೂನೆಯ ಹಾಳೆ ಜರುಗಿಸಿದೆ. "ಒಂದು ಸಹಿ..."

"ಓಹೋ! ಇದಕ್ಕೇನಾ ಇಷ್ಟು ಹೊತ್ತು ಕೇಳಿಸ್ಕೊಂಡಿದ್ದು?"

"ಇಲ್ಲಾ ಕಣೇ! ಇದಕ್ಕೆ ಅಂತ ಶುರು ಮಾಡಿದ್ದು ಹೌದು. ಆಮೇಲೆ ಮರೆತೇಹೋಯ್ತು."

ಅವಳು ನಕ್ಕಳು. ಬೆಳಗ್ಗೆ ಹಾಳೆಯನ್ನು ಮಡಚಿ, ಲಕೋಟೆಯಲ್ಲಿ ಹಾಕಿ, ಅಂಟಿಸಿಯೇ ಕೊಟ್ಟಳು. ಗುಟ್ಟಿನ ವರದಿಯಂತೆ!

ಮೇಡಂ ನನ್ನ ಹದಿನೆಂಟು ಪುಟಗಳನ್ನು ಸರಸರನೆ ತಿರುವಿ, ಲಕೋಟೆ ಒಡೆದು, ಇಡೀ ತರಗತಿಗೆ ಕೇಳುವಂತೆ ಓದಿದರು: "ದೂರುದಾರರಿಗೆ ತೃಪ್ತಿಯಾಗಿದೆಯೇ? ಅಧಿಕಾರಿಯು ಇದೇ ಮೊದಲ ಬಾರಿಗೆ ಒಂದೂವರೆ ಗಂಟೆ ಬಾಯಿ ಮುಚ್ಚಿಕೊಂಡು ಕೇಳಿದ್ದಾರೆ. ಕಲಿಯುವ ಆಸಕ್ತಿ ಕಂಡುಬಂದಿದೆ. ಇನ್ನೂ ಮೂರು ತಿಂಗಳು ಗಮನಿಸಿ, ಕಾಯಂ ಮಾಡುವ ಬಗ್ಗೆ ತಿಳಿಸಲಾಗುವುದು."

ತರಗತಿ ಮೇಜು ಕುಟ್ಟಿ ನಕ್ಕಿತು. ಮೇಡಂ ಮಾತ್ರ ಕೆಂಪು ಪೆನ್ನು ತೆಗೆದರು. "ಇಪ್ಪತ್ತಕ್ಕೆ ಹದಿನಾಲ್ಕು. ಪಾಸು. ನಿಮ್ಮ ಹದಿನೆಂಟು ಪುಟಕ್ಕೆ ನಾಲ್ಕು, ಈ ಮೂರು ಸಾಲಿಗೆ ಹತ್ತು. ಇದನ್ನ ಬರೆದೋರಿಗೆ ಕೆಲಸ ಗೊತ್ತಿದೆ. ಮುಂದಿನ ಸೋಮವಾರ ನಮಗೆ ಒಂದು ಪಾಠ ಮಾಡ್ತಾರಾ, ಕೇಳ್ತೀರಾ?"

ಕೇಳಿದೆ. ನಾನೇ ಹೂಂ ಎಂದುಬಿಡದೆ, ಮನೆಗೆ ಬಂದು ಅವಳನ್ನೇ ಕೇಳಿದೆ! ಹೆಂಡತಿ ಡ್ಯೂಟಿ ಪಟ್ಟಿಯ ಮೇಲೆ ಬೆರಳಾಡಿಸಿ, ಸೋಮವಾರದ ಚೌಕದಲ್ಲಿ ಏನನ್ನೋ ಅಳಿಸಿ, ಏನನ್ನೋ ಬರೆದು, ತಲೆ ಎತ್ತಿದಳು.

"ಬರ್ತೀನಿ ಅಂತ ಹೇಳಿ. ನೀವು ಮುಂದಿನ ಬೆಂಚಲ್ಲೇ ಕೂತ್ಕೋಬೇಕು. ಏನಾದ್ರೂ ಕೇಳೋದಿದ್ರೆ ಕೈ ಎತ್ತಿ. ಮಧ್ಯದಲ್ಲಿ ಬಾಯಿ ಹಾಕಿದ್ರೆ ಮಾತ್ರ ಆಚೆ ಕಳಿಸ್ತೀನಿ!"