ವೀರಗಲ್ಲಿನ ಡಾಕ್ಟರರ ಆರ್‌ಎನ್‌ಎ ಭಾಷಣ

ಜಯರಾಮಯ್ಯನವರ ಗ್ರಹಚಾರಕ್ಕೆಲ್ಲ ಕಾರಣ, ಅವರ ಹೆಸರಿನ ಮುಂದಿದ್ದ 'ಡಾ.' ಎಂಬ ಒಂದೇ ಅಕ್ಷರ. ಮಧುಗಿರಿ ಸೀಮೆಯ ವೀರಗಲ್ಲುಗಳ ಹಿಂದೆ ಏಳು ವರ್ಷ ಅಲೆದು ಸಂಪಾದಿಸಿದ್ದು.

ಶಿರಾದ ಕಾಲೇಜಿನ ಈ ಕನ್ನಡ ಅಧ್ಯಾಪಕರಿಗೆ ಹನ್ನೊಂದು ವರ್ಷಗಳ ಮೇಲೆ ಸ್ವಂತ ಊರು ಮಧುಗಿರಿಗೆ ವರ್ಗವಾಗಿತ್ತು. ಇವತ್ತು ಸಂಜೆ ಐದರೊಳಗೆ ಅಲ್ಲಿ ಹಾಜರಾಗದಿದ್ದರೆ ಆದೇಶ ರದ್ದು. ಬೇಕಾಗಿದ್ದದ್ದು ಬಿಡುಗಡೆ ಪತ್ರ. ಅದು ಪ್ರಿನ್ಸಿಪಾಲ್ ವೆಂಕಟರಾಮಯ್ಯನವರ ಮೇಜಿನ ಮೇಲಿತ್ತು.

"ಸೈನ್ ಹಾಕಿದೀನಿ ಕಣ್ರೀ. ಆದ್ರೆ ಇವತ್ತು ಭಾಷಣಕ್ಕೆ ಬರ್ಬೇಕಿದ್ದ ಬೆಂಗಳೂರಿನ ವಿಜ್ಞಾನಿ ಕೈ ಕೊಟ್ಬುಟ್ರು. ಕಾಲೇಜು ನೋಡೋಕೆ ಪರಿಶೀಲನಾ ತಂಡ ಬಂದು ಹಾಲ್‌ನಲ್ಲಿ ಕೂತೈತೆ. ಭಾಷಣ ನೀವೇ ಮಾಡ್ಬುಡಿ, ಆಮೇಲೆ ಪತ್ರ."

"ವಿಷಯ, ಸಾರ್?"

ಪ್ರಿನ್ಸಿಪಾಲರು ಚೀಟಿ ನೋಡಿ ಓದಿದರು: "ಮೇದೋಜೀರಕ ಗ್ರಂಥಿಯ ಕ್ಯಾನ್ಸರ್ ಕಾಂಡಕೋಶಗಳಲ್ಲಿ ನಾನ್‌ಕೋಡಿಂಗ್ ಆರ್‌ಎನ್‌ಎ ಪಾತ್ರ."

"ಸಾರ್, ನನ್ನದು ವೀರಗಲ್ಲು! ಪ್ರಾಣಿಶಾಸ್ತ್ರದ ಶ್ರೀಲತಾ ಮೇಡಂ ಇದ್ದಾರಲ್ಲ?"

"ಆಹ್ವಾನದ ಕಾರ್ಡಲ್ಲಿ ಭಾಷಣಕಾರರು 'ಡಾ.' ಅಂತ ಅಚ್ಚಾಗೈತೆ. ಮೇಡಂಗಿನ್ನೂ ಡಾಕ್ಟರೇಟ್ ಆಗಿಲ್ಲ."

ಸಂತೆಯಲ್ಲಿ ಮಂದೆ ತಪ್ಪಿಸಿಕೊಂಡ ಕುರಿಯಂತೆ ನಿಂತ ಅವರಿಗೆ ಶ್ರೀಲತಾ ಪಡಸಾಲೆಯಲ್ಲೇ ಪಾಠ ಹೇಳಿದರು: "ಈ ಆರ್‌ಎನ್‌ಎ ತಾನಾಗಿ ಪ್ರೋಟೀನ್ ಮಾಡಿಸಲ್ಲ ಸಾರ್. ಆದ್ರೆ ಯಾವ ಜೀನ್ ಓಡ್ಬೇಕು, ಯಾವ್ದು ಸುಮ್ನಿರ್ಬೇಕು ಅಂತ ನಿಯಂತ್ರಿಸುತ್ತೆ. ಔಷಧಿಗೂ ಸಾಯದೆ ಅಡಗಿರೋ ಕಾಂಡಕೋಶದಿಂದ ಗಡ್ಡೆ ಮತ್ತೆ ಬೆಳೆಯುತ್ತಲ್ಲ, ಇಂಥ ಆರ್‌ಎನ್‌ಎಗಳಲ್ಲಿ ಕೆಲವು ಅದನ್ನ ಕಾಯ್ತವೆ, ಕೆಲವು ಕಟ್ಟಿಹಾಕ್ತವೆ."

"ಅರ್ಥ ಆಯ್ತಾ ಸಾಬ್?" ಎಂದ ಚಹಾ ತಟ್ಟೆ ಹಿಡಿದಿದ್ದ ಅಟೆಂಡರ್ ಯೂನುಸ್.

"ನಿನಗಾಯ್ತೇನೋ?"

"ನಂಗ್ಯಾಕ್ ಸಾಬ್? ಭಾಷಣ ನಿಮ್ದು."

ಮೈಕಿನ ಮುಂದೆ ಜಯರಾಮಯ್ಯನವರ ತಲೆ ಒರೆಸಿಟ್ಟ ಕಪ್ಪುಹಲಗೆಯಾಯಿತು. ಜೀನು ಕಾಯುವುದೋ, ಕೋಶ ಓಡುವುದೋ? ಅಷ್ಟರಲ್ಲಿ ಬಾಗಿಲಲ್ಲಿ ಯೂನುಸ್ ಕಂಡ. ಮುಳುಗುವವರಿಗೆ ಹಗ್ಗ ಸಿಕ್ಕಂತಾಯಿತು.

"ನಮ್ಮ ಯೂನುಸ್‌ನನ್ನೇ ನೋಡಿ! ಯಾವ ಕಡತದಲ್ಲೂ ಅವನ ಸಹಿ ಇರುವುದಿಲ್ಲ. ಆದರೆ ಯಾವುದು ಓಡಬೇಕು, ಯಾವುದು ಬೀರುವಿನಲ್ಲಿ ವಾರಗಟ್ಟಲೆ ಮಲಗಬೇಕು ಎಂದು ನಿರ್ಧರಿಸುವವನು ಅವನೇ. ನಾನ್‌ಕೋಡಿಂಗ್ ಆರ್‌ಎನ್‌ಎ ಎಂದರೆ ಜೀವಕೋಶದ ಯೂನುಸ್!"

ಹಾಲ್ ನಗೆಯಲ್ಲಿ ಮುಳುಗಿತು. ತಂಡದ ಅಧ್ಯಕ್ಷರು ಎದ್ದು ನಿಂತು ಚಪ್ಪಾಳೆ ತಟ್ಟಿದರು. ಯೂನುಸ್ ಮಾತ್ರ ನಗಲಿಲ್ಲ.

ಎರಡು ಗಂಟೆಗೆ ಜಯರಾಮಯ್ಯ ಬ್ಯಾಗು ಹೆಗಲಿಗೇರಿಸಿ ಪ್ರಿನ್ಸಿಪಾಲರ ಕೋಣೆಗೆ ಓಡಿದರು.

"ಸಾರ್, ಪತ್ರ?"

"ಎಂಥಾ ಭಾಷಣ ಕಣ್ರೀ! ಇಂಥೋರನ್ನ ಬಿಟ್ಕೊಡಬ್ಯಾಡಿ ಅಂತ ಅಧ್ಯಕ್ಷರೇ ಅಂದ್ರು. ನೀವು ತೊದಲಿದ್ರೆ ಆಗ್ಲೇ ಸಾಗಹಾಕ್ತಿದ್ದೆ. ಪತ್ರ ಹರಿದಾಕು ಅಂತ ಈಗ್ತಾನೆ ಯೂನುಸ್ ಕೈಗೆ ಕೊಟ್ಟೆ."

ಜಯರಾಮಯ್ಯನವರ ಎದೆಯಲ್ಲಿ ದೀಪ ಹೊತ್ತಿತು. ಯೂನುಸ್! ಹೇಳಿದ ಕೆಲಸವನ್ನು ಅದೇ ದಿನ ಮಾಡಿದ ಚರಿತ್ರೆಯೇ ಅವನಿಗಿಲ್ಲ. ಒಂದೇ ಉಸಿರಿಗೆ ಪಡಸಾಲೆಗೆ ಹಾರಿದರು.

"ಯೂನುಸ್, ನನ್ನಪ್ಪಾ, ಆ ಪತ್ರ ಬೀರುವಿನಲ್ಲಿ ಮಲಗೈತೆ ತಾನೇ?"

ಯೂನುಸ್ ಮುಖ ಊದಿಸಿಕೊಂಡು ಅಂಗೈ ಬಿಚ್ಚಿದ. ಕಾಗದದ ಎಂಟು ಚೂರು.

"ಮೈಕಲ್ಲಿ ಎಲ್ಲಾರ್ ಮುಂದೆ ಮಾನ ತೆಗೆದ್ಬುಟ್ರಲ್ಲ ಸಾಬ್. ಇನ್ಮೇಲೆ ಯಾವ ಕೆಲಸಾನೂ ಒಂದ್ ನಿಮಿಷ ನಿಲ್ಸಲ್ಲ ಅಂತ ಕಸಂ, ಆಣೆ ಹಾಕ್ಬುಟ್ಟೆ. ಇದೇ ಬೋಣಿ."